ರಾಜನ್–ನಾಗೇಂದ್ರ: ಮದರಾಸಿನಲ್ಲಿ ನೆಯ್ದ ಕನ್ನಡದ ಇಂಪು

ಕೋಯಂಬೇಡಿನಲ್ಲಿ ಮೆಟ್ರೋ ಹತ್ತಿದರೆ ಮೂರನೆಯ ನಿಲ್ದಾಣ ವಡಪಳನಿ. ಒಂದು ಕಾಲಕ್ಕೆ ಕನ್ನಡ ಚಿತ್ರಗೀತೆಗಳಲ್ಲಿ ಬಹುಪಾಲು ಹುಟ್ಟಿದ್ದು ಅದರ ಆಸುಪಾಸಿನ ಸ್ಟುಡಿಯೋಗಳಲ್ಲೇ ಎಂಬುದನ್ನು ಆ ದಾರಿಯಲ್ಲಿ ದಿನವೂ ಓಡಾಡುವ ನಮ್ಮ ಬಾಂಧವರಲ್ಲಿ ಎಷ್ಟು ಮಂದಿ ನೆನೆಯುತ್ತಾರೋ ಕಾಣೆವು. ‘ತಮಿಳುನಾಡಿನಲ್ಲಿ ತಯಾರಾದ ಕನ್ನಡ’ ಎಂದು ಆ ಹಾಡುಗಳನ್ನು ಹಗುರವಾಗಿ ಕಾಣುವವರೂ ಉಂಟು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುವ ನಮಗೆ ಈ ಮಾತು ನಾಟದೆ ಇರದು.

ಮೈಸೂರಿನ ಸಹೋದರರಾದ ರಾಜನ್ ಮತ್ತು ನಾಗೇಂದ್ರ 1950ರ ದಶಕದ ಆರಂಭದಲ್ಲಿ ಬಿ. ವಿಠಲಾಚಾರ್ಯರ ಚಿತ್ರಗಳ ಮೂಲಕ ಬೆಳಕಿಗೆ ಬಂದರು. ಕನ್ನಡವೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಚಿತ್ರಗಳಿಗೆ ಸಂಗೀತ ನೀಡಿದರು. ತೆಲುಗಿನಲ್ಲೂ ಹೆಸರು ಮಾಡಿದರು. ಆದರೆ ಅವರ ನಿಜವಾದ ಸುಗ್ಗಿ 1970ರ ದಶಕ. ‘ಗಂಧದ ಗುಡಿ’ (1973), ‘ಎರಡು ಕನಸು’ (1974), ‘ಬಯಲು ದಾರಿ’, ‘ನಾ ನಿನ್ನ ಮರೆಯಲಾರೆ’ (ಎರಡೂ 1976) – ಹೀಗೆ ಒಂದರ ಮೇಲೊಂದು.

ಆ 1974ರಲ್ಲೇ ಸ್ವೀಡನ್ನಿನ ‘ಆಬಾ’ ಎಂಬ ನಾಲ್ವರ ತಂಡ ಯುರೋವಿಷನ್ ಸ್ಪರ್ಧೆಯಲ್ಲಿ ಗೆದ್ದು ಜಗತ್ಪ್ರಸಿದ್ಧವಾಯಿತು. ಅಲ್ಲಿಯೂ ರಾಗ ಕಟ್ಟುವವರು ಇಬ್ಬರೇ: ಬೆನ್ನಿ ಮತ್ತು ಬ್ಯೋರ್ನ್. ಆದರೆ ಅವರು ಗೆದ್ದದ್ದು ಇಂಗ್ಲಿಷಿನಲ್ಲಿ ಹಾಡಿ. ನಮ್ಮ ಸಹೋದರರದು ತಿರುಗುಮುರುಗಾದ ಸಾಹಸ. ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ, ಎಸ್.ಪಿ. ಬಾಲಸುಬ್ರಹ್ಮಣ್ಯಂ – ಮೂವರ ಮನೆಮಾತೂ ತೆಲುಗು. ಅವರ ಕಂಠದಿಂದ ಅಚ್ಚ ಕನ್ನಡ ಹೊರಡಿಸಿದರಲ್ಲ, ಅದೇನು ಸಾಮಾನ್ಯವೆ! ‘ಎರಡು ಕನಸು’ ಚಿತ್ರದಲ್ಲಿ ಜಾನಕಿಯವರು ಹಾಡಿದ ಪೂಜೆಯ ಗೀತೆಯನ್ನು ಕೇಳಿರಿ. ಚಿ. ಉದಯಶಂಕರರ ಒಂದು ಅಕ್ಷರವೂ ವಾದ್ಯಗಳಡಿ ಹೂತುಹೋಗುವುದಿಲ್ಲ. ವಾದ್ಯವೃಂದ, ಗಾಯಕರು ಎಲ್ಲರೂ ಒಟ್ಟಿಗೆ ಕೂಡಿ ಮುದ್ರಿಸುತ್ತಿದ್ದ ಕಾಲವದು. ಒಬ್ಬ ಪಿಟೀಲಿನವ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಆ ಕಷ್ಟದ ಸುಳಿವೂ ಕೇಳುಗನಿಗೆ ಸಿಕ್ಕುವುದಿಲ್ಲ.

ಇಷ್ಟು ಹೇಳಿ ಕೈಮುಗಿದುಬಿಟ್ಟರೆ ವಿಮರ್ಶೆಯಾಗದು. ಇವರ ಇಂಪು ಕೆಲವೊಮ್ಮೆ ಅಚ್ಚಿನಲ್ಲಿ ಎರೆದ ಬೆಲ್ಲದಂತೆ ಒಂದೇ ಆಕಾರದ್ದು. ಪ್ರಣಯಗೀತೆಗಳಲ್ಲಿ ಕೊಳಲು, ಪಿಟೀಲುಗಳ ಮುನ್ನುಡಿ ಮುಗಿಯುವ ಮೊದಲೇ ಪಲ್ಲವಿಯ ಜಾಡು ಊಹೆಗೆ ನಿಲುಕುತ್ತದೆ. ಕುಣಿತದ ಹಾಡುಗಳಲ್ಲಂತೂ ಮನಸ್ಸಿಲ್ಲದ ಮನಸ್ಸಿನಿಂದ ದುಡಿದಂತೆ ನಮಗೆ ತೋರುತ್ತದೆ. ಆಬಾದವರು ಕುಣಿತದ ಲಯದೊಳಗೇ ವಿರಹವನ್ನು ಇಟ್ಟರು. ನಮ್ಮವರು ವಿರಹಕ್ಕೆ ಬೇರೆ ಹಾಡು, ಕುಣಿತಕ್ಕೆ ಬೇರೆ ಹಾಡು ಮಾಡಿದರು.

ಹಾಗೆಂದು ಒಂದೇ ರುಚಿಯವರೆಂದು ತೀರ್ಪು ಕೊಡುವಂತೆಯೂ ಇಲ್ಲ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನಾಧರಿಸಿದ ‘ಪರಸಂಗದ ಗೆಂಡೆತಿಮ್ಮ’ (1978) ಚಿತ್ರದಲ್ಲಿ ದೊಡ್ಡರಂಗೇಗೌಡರ ಹಳ್ಳಿಯ ನುಡಿಗೆ ಇವರು ಕೂಡಿಸಿದ ಧಾಟಿ ನೋಡಿ: ಅಲ್ಲಿ ಬೆಲ್ಲದಚ್ಚಿಲ್ಲ, ಹೊಲದ ಗಾಳಿ ಇದೆ. ಇಂಥ ಪ್ರಯೋಗವನ್ನು ಇನ್ನಷ್ಟು ಮುಂದುವರಿಸಿದ್ದರೆ ಎಂಬ ಆಸೆ ನಮ್ಮದು.

1980ರ ದಶಕದಲ್ಲಿ ಗಾಳಿ ತಿರುಗಿತು. ಚಿತ್ರೋದ್ಯಮ ಬೆಂಗಳೂರಿನಲ್ಲಿ ಬೇರೂರುತ್ತಿತ್ತು. 1987ರಲ್ಲಿ ಹಂಸಲೇಖರ ‘ಪ್ರೇಮಲೋಕ’ದ ಕ್ಯಾಸೆಟ್ಟುಗಳು ಮನೆಮನೆ ಹೊಕ್ಕವು. ಹೊಸ ಲಯ ಗೆದ್ದಿತು. ಸಹೋದರರು ಮೆಲ್ಲನೆ ಹಿಂದಕ್ಕೆ ಸರಿದರು. ಆಬಾದವರಿಗೆ 1982ರಲ್ಲಿ ನಿಂತ ಮೇಲೂ 2021ರಲ್ಲಿ ಮರಳಿ ಬಂದು ಹೊಸ ಹಾಡುಗಳನ್ನು ಕೊಡುವ ಯೋಗವಿತ್ತು. ಇವರಿಗೆ ಅದಿರಲಿಲ್ಲ, ನಾಗೇಂದ್ರ 2000ದಲ್ಲೇ ತೀರಿಕೊಂಡರು. 2020ರ ಸೆಪ್ಟೆಂಬರ್ 25ರಂದು ಇದೇ ಊರಿನಲ್ಲಿ ಬಾಲಸುಬ್ರಹ್ಮಣ್ಯಂ ಹೋದರು. ಹದಿನಾರು ದಿನ ಕಳೆದು, ಅಕ್ಟೋಬರ್ 11ರಂದು, ಬೆಂಗಳೂರಿನಲ್ಲಿ ರಾಜನ್.

ಹಾಡು ಎಲ್ಲಿ ಮುದ್ರಣವಾಯಿತೆಂದು ಮೂಗು ಮುರಿಯುವವರು ‘ಗಂಧದ ಗುಡಿ’ಯ ಶ್ರೀನಿವಾಸ್ ಅವರ ಹಾಡಿಲ್ಲದೆ ಒಂದು ರಾಜ್ಯೋತ್ಸವ ನಡೆಸಿ ತೋರಿಸಲಿ. ನಮ್ಮ ಮಕ್ಕಳಂತೂ ಅದನ್ನು ಪುಸ್ತಕ ನೋಡದೆ ಹಾಡುತ್ತಾರೆ.