ಅಡ್ಡಹೆಸರುಗಳ ಭಾಷಾಂತರ

ಮಳೆ, ಮರಣ, ತಾಯಿ ಎಂಬುವಕ್ಕೆ ಎಲ್ಲ ಭಾಷೆಗಳಲ್ಲಿಯೂ ಹೆಸರುಂಟು. ಭಾಷಾಂತರಕಾರನು ಅಲ್ಲಿ ಎಡವುವುದು ಅಪೂರ್ವ. ಅವನಿಗೆ ನಿಜವಾದ ಕಷ್ಟವೊದಗುವುದು ಅಡ್ಡಹೆಸರುಗಳಲ್ಲಿ. ಓರಗೆಯವರಂತೆ ನಡೆಯದವನಿಗೆ, ಪುಸ್ತಕಕ್ಕೋ ಯಂತ್ರಕ್ಕೋ ಮನಸ್ಸನ್ನು ಒತ್ತೆಯಿಟ್ಟವನಿಗೆ, ಜನರು ಬೀದಿಯಲ್ಲಿ ಇಡುವ ಹೆಸರು ಬರಿಯ ವರ್ಣನೆಯಲ್ಲ, ಅದೊಂದು ತೀರ್ಪು. ತೀರ್ಪನ್ನು ಬೇರೊಂದು ಭಾಷೆಗೆ ತರುವವನು ಅದನ್ನು ಕೊಟ್ಟವರು ಯಾರು, ಅಪರಾಧವೇನು, ಶಿಕ್ಷೆ ಎಷ್ಟು ದಿನದ್ದು ಎಂಬುದನ್ನೂ ಬಲ್ಲವನಾಗಿರಬೇಕು. ಸ್ಪ್ಯಾನಿಷಿಗೂ ಇಂಗ್ಲಿಷಿಗೂ ನಡುವೆ ನಡೆದಿರುವ ಇಂತಹ ಕೊಡುಕೊಳ್ಳುವಿಕೆಯನ್ನು ಎರಡು ಮೂರು ಉದಾಹರಣೆಗಳಿಂದ ಪರೀಕ್ಷಿಸಬಹುದು.

ಸದಾ ಓದುವ ವಿದ್ಯಾರ್ಥಿಯನ್ನು ಸ್ಪೇನಿನ ಹುಡುಗರು 'ಎಂಪೊಯೋನ್' ಎಂದು ಹಾಸ್ಯಮಾಡುವರು. ಕೋಳಿಯು ಮೊಟ್ಟೆಗಳ ಮೇಲೆ ಕಾವು ಕೂರುವ ಕ್ರಿಯೆಯಿಂದ ಹುಟ್ಟಿದ ಮಾತಿದು. ಅರ್ಜೆಂಟೀನಾದವರು ಅಂಥವನನ್ನೇ 'ತ್ರಾಗ', ಎಂದರೆ ನುಂಗುವವನು, ಎನ್ನುವರು. ಇಂಗ್ಲೆಂಡಿನ ಶಾಲೆಗಳಲ್ಲಿ ಅವನು 'ಸ್ವಾಟ್'. ಅದರ ಮೂಲ ಬೆವರು. ಒಬ್ಬನು ಕಾವು ಕೂರುತ್ತಾನೆ, ಇನ್ನೊಬ್ಬನು ನುಂಗುತ್ತಾನೆ, ಮತ್ತೊಬ್ಬನು ಬೆವರುತ್ತಾನೆ. ಚಿತ್ರಗಳು ಬೇರೆಯಾದರೂ ತೀರ್ಪು ಒಂದೇ, ಶಿಕ್ಷೆಯೂ ಅಲ್ಪವೇ. ಪರೀಕ್ಷೆ ಮುಗಿದರೆ ಹೆಸರೂ ಬಹುಮಟ್ಟಿಗೆ ಮುಗಿಯುತ್ತದೆ. ಆದುದರಿಂದ ಎಂಪೊಯೋನನ್ನು ಸ್ವಾಟ್ ಎಂದು ಬರೆದವನು ನ್ಯಾಯವನ್ನೇ ಮಾಡಿದನು. ಅದನ್ನು ಅಮೆರಿಕದ 'ನರ್ಡ್' ಎಂಬ ಮಾತಿನಿಂದ ತುಂಬಿದರೆ ಆ ಬಡಪಾಯಿಯ ಮೇಲೆ ಓರೆಕೋರೆಯ ಉಡುಪು, ಮಾತುಬಾರದ ಸಂಕೋಚ, ಯಂತ್ರವ್ಯಾಮೋಹ ಇವೆಲ್ಲವನ್ನೂ ಹೊರಿಸಿದಂತಾಗುವುದು.

ಇದಕ್ಕೆ ಪ್ರತಿಯಾದ ತಪ್ಪು ಒಂದು ಚಲಚ್ಚಿತ್ರದ ಹೆಸರಿನಲ್ಲಿ ಕಾಣುತ್ತದೆ. 1984ರಲ್ಲಿ ಅಮೆರಿಕದಲ್ಲಿ 'ರಿವೆಂಜ್ ಆಫ್ ದಿ ನರ್ಡ್ಸ್' ಎಂಬ ಚಿತ್ರ ಬಂದಿತು. ಕಾಲೇಜಿನ ಕ್ರೀಡಾಪಟುಗಳಿಂದ ವಸತಿಯನ್ನು ಕಳೆದುಕೊಂಡ ಗಣಕಾಸಕ್ತರು ಕಡೆಗೆ ಅವರನ್ನು ಗೆದ್ದು, ತಾವು ನರ್ಡರೇ ಎಂದು ಬಹಿರಂಗವಾಗಿ ಸಾರುವುದು ಅದರ ಕಥೆ. ಲ್ಯಾಟಿನ್ ಅಮೆರಿಕದಲ್ಲಿ ಹೆಸರಿನೊಳಗೆ 'ನರ್ಡ್' ಎಂಬುದನ್ನು ಹಾಗೆಯೇ ಉಳಿಸಿಕೊಂಡರು. ಸ್ಪೇನಿನಲ್ಲಿ ಅದು 'ನೊವಾತೋ'ಗಳ, ಎಂದರೆ ಹೊಸಬರ, ಸೇಡು ಎಂದಾಯಿತು. ಪರಿಚಯವಿಲ್ಲದ ಮಾತಿಗೆ ಹಿಂಜರಿದು ಹೀಗೆ ಮಾಡಿದರೆಂದು ಒಪ್ಪಬಹುದು. ಆದರೂ ನಷ್ಟ ದೊಡ್ಡದು. ಹೊಸಬನು ಒಂದು ವರ್ಷ ಕಳೆದರೆ ಹಳಬನಾಗುತ್ತಾನೆ. ಅವನ ಅವಮಾನವನ್ನು ಕಾಲವೇ ತೊಳೆಯುತ್ತದೆ. ನರ್ಡನಾದವನಿಗೆ ಹೆಸರು ಅಂಟಿರುವುದು ಅವನ ಸ್ವಭಾವಕ್ಕೆ. ಅವನು ಅದನ್ನು ಕಳಚಲಾರದೆ, ಕಡೆಗೆ ಕಿರೀಟದಂತೆ ಧರಿಸುತ್ತಾನೆ. ಕಥೆಯ ತಿರುಳೇ ಅದು. ಹೆಸರನ್ನು ಬದಲಿಸಿದವರು ತಿರುಳನ್ನು ಬಾಗಿಲಲ್ಲಿಯೇ ಬಿಟ್ಟರು.

ಮೂರನೆಯ ಉದಾಹರಣೆ ಇನ್ನೂ ಸ್ವಾರಸ್ಯವಾದುದು. ವಿಚಿತ್ರ, ವಿಕಾರ ಎಂಬ ಅರ್ಥದ 'ಫ್ರೀಕಿ' ಎಂಬ ಇಂಗ್ಲಿಷ್ ಮಾತು ಸ್ಪೇನಿಗೆ ಹೋಗಿ 'ಫ್ರಿಕಿ' ಎಂದಾಯಿತು. ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ 2014ರ ನಿಘಂಟಿನಲ್ಲಿ ಅದಕ್ಕೆ ಸ್ಥಾನ ದೊರೆಯಿತು. ವಿಚಿತ್ರ ವ್ಯಕ್ತಿ ಎಂಬ ಅರ್ಥದೊಡನೆ, ಒಂದು ಹವ್ಯಾಸದಲ್ಲಿ ಮಿತಿಮೀರಿ ಮುಳುಗಿದವನು ಎಂಬ ಅರ್ಥವೂ ಅಲ್ಲಿ ಸೇರಿದೆ. ಈ ಎರಡನೆಯ ಅರ್ಥದವರು 2006ರ ಮೇ 25ರಂದು ಸ್ಪೇನಿನಲ್ಲಿ ತಮ್ಮ ಅಭಿಮಾನದ ದಿನವನ್ನು ಆಚರಿಸಿದರು. ಆ ದಿನಕ್ಕೆ ಇಂಗ್ಲಿಷಿನಲ್ಲಿ ರೂಢಿಯಾದ ಹೆಸರು 'ಗೀಕ್' ಅಭಿಮಾನದ ದಿನವೆಂದು. ತವರಿನಿಂದ ಹೋದ ಮಾತು ತವರಿಗೆ ಮರಳಿದಾಗ ಬೇರೆ ಹೆಸರಿನಿಂದ ಒಳಗೆ ಬಂದಿತು! 'ಗೀಕ್' ಎಂಬುದರ ಪೂರ್ವಚರಿತ್ರೆಯೂ ಗೌರವದ್ದಲ್ಲ. ಮೂಲದಲ್ಲಿ ಅದಕ್ಕೆ ಮೂಢನೆಂಬ ಅರ್ಥ. ಅಮೆರಿಕದ ಜಾತ್ರೆಗಳಲ್ಲಿ ಜೀವಂತ ಕೋಳಿಯ ತಲೆಯನ್ನು ಕಚ್ಚಿ ತೋರಿಸುವವನಿಗೆ ಆ ಹೆಸರಿತ್ತು. ಎರಡು ಮಾತುಗಳಿಗೂ ಧಾತುಸಂಬಂಧವಿಲ್ಲ, ಬಾಳಸಂಬಂಧವುಂಟು. ಎರಡೂ ಬೈಗುಳಾಗಿ ಬಳಕೆಯಾಗಿ, ಬೈಸಿಕೊಂಡವರ ಬಾಯಲ್ಲಿಯೇ ಬಿರುದಾದುವು. ಧ್ವನಿಸಾಮ್ಯವನ್ನು ಬಿಟ್ಟು ಈ ಸಾಮ್ಯವನ್ನು ಹಿಡಿದವನ ಭಾಷಾಂತರ ಮೆಚ್ಚತಕ್ಕದ್ದು. ಆದರೆ ನೋಡುವವರ ನಗೆಗೆ ಗುರಿಯಾದ ವಿಚಿತ್ರ ವ್ಯಕ್ತಿಯನ್ನು ಫ್ರಿಕಿ ಎಂದಿರುವ ಕಡೆಯಲ್ಲಿ ಗೀಕ್ ಎಂದು ಬರೆದರೆ, ಪಾಪ, ಅವನಿಗಿಲ್ಲದ ಬಿರುದನ್ನು ಕೊಟ್ಟಂತಾಗುವುದು.

ಇದರಲ್ಲಿ ನಮಗೇನು ಎಂದು ವಾಚಕರು ಕೇಳಬಹುದು. ಸ್ಪ್ಯಾನಿಷ್ ಕೃತಿಗಳು ಕನ್ನಡಕ್ಕೆ ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಬರುತ್ತವೆ. ಮೊದಲನೆಯ ದಾಟಿನಲ್ಲಿ ಹುಡುಗಾಟದ ಅಡ್ಡಹೆಸರು ಕಠಿಣವಾಗಿದ್ದರೆ ಎರಡನೆಯದರಲ್ಲಿ ಅದು ಕ್ರೂರವಾದೀತು. ಪುಸ್ತಕದ ಹುಳು ಎಂದರೆ ಸಾಕಾದಲ್ಲಿ ತಿಕ್ಕಲು ಎಂದೇವು; ಗೀಳು ಹಿಡಿದವನನ್ನು ಹುಚ್ಚನೆಂದೇವು. ನಿಘಂಟು ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಜೊತೆಗೆ ಬರುತ್ತದೆ. ಕೂಗಿದವರ ದನಿಯಲ್ಲಿ ದ್ವೇಷವಿತ್ತೇ ಸಲಿಗೆಯಿತ್ತೇ, ಕೂಗಿಸಿಕೊಂಡವನು ತಲೆ ತಗ್ಗಿಸಿದನೇ ನಕ್ಕನೇ ಎಂಬುದನ್ನು ಭಾಷಾಂತರಕಾರನು ಮೂಲದಲ್ಲಿಯೇ ಕಿವಿಗೊಟ್ಟು ತಿಳಿದುಕೊಳ್ಳಬೇಕು.