ವೈದ್ಯನ ಶೋಕಕ್ಕೆ ಎಡೆಯೆಲ್ಲಿ?

‘ವೈದ್ಯ’ ಎಂಬ ವಿಷಯವನ್ನು ಕೊಟ್ಟು ಪ್ರಬಂಧ ಬರೆಯಿಸದ ಉಪಾಧ್ಯಾಯರು ನಮ್ಮಲ್ಲಿ ವಿರಳ. ಹುಡುಗರು ಬರೆದು ತರುವುದೂ ಒಂದೇ: ವೈದ್ಯನು ಸಾಕ್ಷಾತ್ ನಾರಾಯಣನು, ಸ್ವಸುಖವನ್ನು ಮರೆತು ಪರರ ಕಷ್ಟಕ್ಕೆ ಒದಗುವವನು. ಆ ನಾರಾಯಣನ ಮನೆಗೂ ಸಾವು ಬರಬಹುದೆಂಬುದು, ಹುಡುಗರಿಗಿರಲಿ, ನಮಗಾದರೂ ಹೊಳೆದಿದೆಯೆ? ಈ ಪ್ರಶ್ನೆಯನ್ನೆತ್ತಿದ ಎರಡು ಕೃತಿಗಳನ್ನು ಇಲ್ಲಿ ಪರಿಶೀಲಿಸಬಯಸುತ್ತೇನೆ.

ರಷ್ಯದ ಆಂಟನ್ ಚೆಕಾಫ್ ಸ್ವತಃ ವೈದ್ಯ. 1884ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ವೈದ್ಯವ್ಯಾಸಂಗ ಮುಗಿಸಿದವನು. ಅವನ ‘ಶತ್ರುಗಳು’ ಎಂಬ ಸಣ್ಣ ಕಥೆ 1887ರದು. ಡಾಕ್ಟರ್ ಕಿರಿಲೋವನ ಆರು ವರ್ಷದ ಒಬ್ಬನೇ ಮಗ ಡಿಫ್ತೀರಿಯದಿಂದ ಆಗತಾನೆ ಕಣ್ಮುಚ್ಚಿದ್ದಾನೆ. ಅಷ್ಟರಲ್ಲಿ ಬಾಗಿಲ ಗಂಟೆಯ ಸದ್ದು. ಅಬೋಗಿನ್ ಎಂಬ ಶ್ರೀಮಂತನು ತನ್ನ ಹೆಂಡತಿ ಸಾಯುತ್ತಿರುವಳೆಂದು ಅಂಗಲಾಚುತ್ತಾನೆ. ಕಾರ್ಬಾಲಿಕ್ ಆಮ್ಲದಿಂದ ಸುಟ್ಟ ಕೈಗಳ ಆ ತಂದೆ, ಮಗನ ಹಾಸಿಗೆಯ ಬಳಿ ಮಂಡಿಯೂರಿದ ಪತ್ನಿಯನ್ನು ಬಿಟ್ಟು ಒಲ್ಲದ ಮನಸ್ಸಿನಿಂದ ಹೊರಡುತ್ತಾನೆ. ಹೋದರೆ ಅಲ್ಲಿ ರೋಗಿಯೇ ಇಲ್ಲ! ರೋಗದ ನೆಪ ಹೂಡಿ ಗಂಡನನ್ನು ಹೊರಗೆ ಕಳುಹಿಸಿ, ಆಕೆ ಪರಪುರುಷನೊಡನೆ ಹೊರಟುಹೋಗಿದ್ದಾಳೆ.

ಈ ತಿರುವು ಕೃತಕವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆನಿಸದು. ನಿಜವಾದ ರೋಗಿಯೊಬ್ಬಳು ಅಲ್ಲಿದ್ದಿದ್ದರೆ ಕರ್ತವ್ಯವೇ ಕಿರಿಲೋವನಿಗೆ ಊರುಗೋಲಾಗುತ್ತಿತ್ತು. ಆ ಆಸರೆಯನ್ನೂ ಕಿತ್ತುಕೊಂಡಾಗಲೇ ಅವನ ಶೋಕವು ರೋಷವಾಗಿ ಸಿಡಿಯುತ್ತದೆ. ಇಬ್ಬರು ದುಃಖಿಗಳು ಪರಸ್ಪರ ನಿಂದಿಸಿ ಅಗಲುತ್ತಾರೆ. ಚೆಕಾಫನು ತನ್ನ ವೃತ್ತಿಬಾಂಧವನ ಪಕ್ಷ ವಹಿಸುವುದಿಲ್ಲವೆಂಬುದು ಗಮನಾರ್ಹ: ಕಿರಿಲೋವನ ದ್ವೇಷವು ನ್ಯಾಯವಲ್ಲ, ಆದರೂ ಅದು ಸಾಯುವವರೆಗೆ ಅವನನ್ನು ಬಿಡದು ಎಂದು ಕಥೆ ಮುಗಿಯುತ್ತದೆ. ಸಾಮಾನ್ಯ ಲೇಖಕನಾದರೆ ಅವನನ್ನು ತ್ಯಾಗಮೂರ್ತಿಯಾಗಿಸಿ ಕೈತೊಳೆದುಕೊಳ್ಳುತ್ತಿದ್ದನು. ಅಳುವುದಕ್ಕೆ ಬಿಡುವಿಲ್ಲದ ದುಃಖವು ಮನುಷ್ಯನನ್ನು ಕಠಿನನನ್ನಾಗಿಸುತ್ತದೆ ಎಂಬ ಅಪ್ರಿಯ ಸತ್ಯವನ್ನು ಹೇಳಲು ಚೆಕಾಫನ ಧೈರ್ಯ ಬೇಕು.

ಬಂಗಾಳಿಯ ತಾರಾಶಂಕರ ಬಂದ್ಯೋಪಾಧ್ಯಾಯರ ‘ಆರೋಗ್ಯ ನಿಕೇತನ’ ಕಾದಂಬರಿಗೆ 1956ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅದರ ನಾಯಕ, ಹಳ್ಳಿಯ ವೃದ್ಧ ವೈದ್ಯ ಜೀವನ ಮಶಾಯ್, ನಾಡಿ ಹಿಡಿದು ಸಾವಿನ ಹೆಜ್ಜೆಯನ್ನು ಗುರುತಿಸಬಲ್ಲವನು. ಸ್ವಂತ ಮಗನ ನಾಡಿಯೂ ಆ ಬೆರಳುಗಳಿಗೆ ಸುಳ್ಳಾಡಲಿಲ್ಲ. ಕಿರಿಲೋವನಿಗೆ ಮಗನು ಸತ್ತ ಮೇಲೆ ಶೋಕಿಸಲು ಹೊತ್ತಿಲ್ಲ. ಜೀವನ ಮಶಾಯನಿಗೋ ಮಗನು ಸಾಯುವ ಮೊದಲೇ ಶೋಕ. ಒಬ್ಬನನ್ನು ವೃತ್ತಿಯ ಕರೆ ಸುಟ್ಟಿತು, ಇನ್ನೊಬ್ಬನನ್ನು ವಿದ್ಯೆಯೇ ಸುಟ್ಟಿತು.

ಆಸ್ಪತ್ರೆಯ ಜಗಲಿಯಲ್ಲಿ, ಕೇಳಿದ್ದಕ್ಕೆ ಉತ್ತರಿಸದೆ ನಡೆದುಹೋದ ದಾದಿಯೊಬ್ಬರನ್ನು ಕಲ್ಲೆದೆಯವರೆಂದು ಹಿಂದೊಮ್ಮೆ ನಾನೇ ಗದರಿದ್ದುಂಟು. ಅವರು ಯಾವ ಹಾಸಿಗೆಯ ಬಳಿಯಿಂದ ಎದ್ದು ಬಂದಿದ್ದರೋ ನಾನು ವಿಚಾರಿಸಲಿಲ್ಲ. ಈ ಕೃತಿಗಳನ್ನು ಓದಿದ ಮೇಲೆ ಆ ಮಾತು ನನ್ನನ್ನೇ ಚುಚ್ಚುತ್ತಿದೆ. ಮುಂದಿನ ವರ್ಷವೂ ಪ್ರಬಂಧ ಬರೆಯಿಸೋಣ. ಆದರೆ ವೈದ್ಯನನ್ನು ದೇವರೆನ್ನುವ ಮೊದಲು ಅವನೂ ಅಳಬಲ್ಲ ಮನುಷ್ಯನೆಂದು ಮಕ್ಕಳಿಗೆ ಒಂದು ಮಾತು ತಿಳಿಸೋಣ.