ಪರಿಣಾಮಕ್ಕೆ ಪ್ರಮಾಣಪತ್ರ

ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಸಂಶೋಧನೆಯ ಹಣ ಹಂಚಲು ಆಧಾರವಾಗುವ ಮೌಲ್ಯಮಾಪನದ ಹೆಸರು ಆರ್‌ಇಎಫ್. 2014ರಲ್ಲಿ ಅದರೊಳಗೆ ‘ಇಂಪ್ಯಾಕ್ಟ್’ ಬಂತು. ಸಂಶೋಧನೆಯಿಂದ ವಿದ್ವತ್ತಿನ ವಲಯದ ಹೊರಗೆ ಏನು ಬದಲಾಯಿತು ಎಂಬುದಕ್ಕೆ ಆಗ ನೂರಕ್ಕೆ 20 ಅಂಕ, 2021ರಲ್ಲಿ 25. ಲಸಿಕೆ ಕಂಡುಹಿಡಿದವರು ಹೇಗೋ ಉತ್ತರ ಕೊಟ್ಟಾರು. ಚರಿತ್ರೆ, ಸಾಹಿತ್ಯ, ತತ್ತ್ವಶಾಸ್ತ್ರದವರು ಏನು ತೋರಿಸಬೇಕು? ಉತ್ತರ ಹೊಂದಿಸುವ ನೆರವಿಗೆಂದು ಇಂಪ್ಯಾಕ್ಟ್ ಅಧಿಕಾರಿಗಳೆಂಬ ಹೊಸ ಹುದ್ದೆಗಳೇ ಹುಟ್ಟಿಕೊಂಡವು.

ಇಂಪ್ಯಾಕ್ಟ್ ಬಂದರೆ ವಿದ್ವಾಂಸರು ತಮ್ಮ ಸರಕನ್ನು ತೆಳುಮಾಡಿ ಮನೆಮನೆಗೆ ಮಾರುವವರಾಗುತ್ತಾರೆ ಎಂದು ಕೇಂಬ್ರಿಡ್ಜಿನ ಪ್ರಾಧ್ಯಾಪಕ ಸ್ಟೆಫಾನ್ ಕೊಲಿನಿ 2009ರಲ್ಲೇ ಆಕ್ಷೇಪಿಸಿದ್ದರು. ನನಗೆ ಈ ಆಕ್ಷೇಪ ಅರ್ಧ ಮಾತ್ರ ಒಪ್ಪಿಗೆ. ಮನೆಮನೆಗೆ ಹೋಗುವುದರಲ್ಲಿ ತಪ್ಪೇನಿದೆ?

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇತಿಹಾಸಕಾರ್ತಿ ಕ್ಯಾಥರೀನ್ ಹಾಲ್ ಮತ್ತು ಸಂಗಡಿಗರು ಮಾಡಿದ ಕೆಲಸ ನೋಡಿ. 1833ರಲ್ಲಿ ಗುಲಾಮಗಿರಿ ರದ್ದುಮಾಡುವ ಕಾಯ್ದೆ ತಂದ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಗೊತ್ತುಮಾಡಿತು. ಗುಲಾಮರಿಗಲ್ಲ, ಅವರ ಒಡೆಯರಿಗೆ. ಯಾರು ಅರ್ಜಿ ಹಾಕಿದರು, ಎಷ್ಟು ಪಡೆದರು ಎಂಬ ಲೆಕ್ಕ ಸರ್ಕಾರದ ದಫ್ತರಗಳಲ್ಲಿ ಮಲಗಿತ್ತು. ಇವರು ವರ್ಷಗಟ್ಟಲೆ ಕೂತು ಅದನ್ನು ಹೆಸರು, ಊರು, ವಿಳಾಸ, ಮೊತ್ತದ ಸಮೇತ ದತ್ತಾಂಶಕ್ಕೆ ಇಳಿಸಿ, 2013ರಲ್ಲಿ ಯಾರು ಬೇಕಾದರೂ ಹುಡುಕುವಂತೆ ತೆರೆದಿಟ್ಟರು. ಒಡೆಯರೆಂದರೆ ದೊಡ್ಡ ತೋಟಗಳ ಶ್ರೀಮಂತರಷ್ಟೇ ಅಲ್ಲ. ಪಾದ್ರಿಗಳಿದ್ದರು, ಒಬ್ಬಿಬ್ಬರು ಗುಲಾಮರ ಬಾಡಿಗೆಯಲ್ಲಿ ಬದುಕುತ್ತಿದ್ದ ವಿಧವೆಯರೂ ಇದ್ದರು. ಜನ ತಮ್ಮ ಮನೆತನದ ಹೆಸರನ್ನೇ ಟೈಪ್ ಮಾಡಿ ನೋಡಬಹುದಾಯಿತು. 2015ರಲ್ಲಿ ಬಿಬಿಸಿ ಇದನ್ನಾಧರಿಸಿ ಇತಿಹಾಸಕಾರ ಡೇವಿಡ್ ಒಲುಸೋಗ ಅವರ ಸರಣಿ ಬಿತ್ತರಿಸಿತು. ಸರಕು ತೆಳುವಾಗದೆಯೇ ಮನೆಮನೆ ತಲುಪಿತ್ತು.

ಹೀಗೆ ತಲುಪಿದ್ದನ್ನು ಆರ್‌ಇಎಫ್ ಅಳೆಯುವ ಬಗೆ ಮಾತ್ರ ವಿಚಿತ್ರ. 2021ರಲ್ಲಿ ಇಂಪ್ಯಾಕ್ಟ್ ತೋರಿಸುವ ಒಂದೊಂದು ಪ್ರಕರಣದ ವರದಿಗೂ ಐದು ಪುಟ. ಬದಲಾವಣೆ 2013ರ ಆಗಸ್ಟ್ ಮತ್ತು 2020ರ ಡಿಸೆಂಬರ್ ನಡುವೆಯೇ ಆಗಿರಬೇಕಿತ್ತು. ಸಂಶೋಧಕಿ ಬೇರೆ ಕಡೆ ಕೆಲಸಕ್ಕೆ ಹೋದರೂ ಯಶಸ್ಸು ಹಳೆಯ ವಿಶ್ವವಿದ್ಯಾಲಯದ ಖಾತೆಗೇ. ಎಲ್ಲಕ್ಕೂ ಹೊರಗಿನವರ ರುಜುವಾತು ಬೇಕು. ವಸ್ತುಸಂಗ್ರಹಾಲಯದ ನಿರ್ದೇಶಕರು ಕೃತಜ್ಞತೆಯ ಕಾಗದ ಬರೆದುಕೊಟ್ಟಾರು; ಮುತ್ತಜ್ಜನ ಹೆಸರಿನ ಮುಂದೆ ಪೌಂಡುಗಳ ಲೆಕ್ಕ ಕಂಡು ಮುಜುಗರಪಟ್ಟವರು ಯಾಕೆ ಬರೆದುಕೊಡುತ್ತಾರೆ? ಹೀಗಾಗಿ ಇಂಪ್ಯಾಕ್ಟ್ ಅಧಿಕಾರಿಗಳ ನೆರವೆಂದರೆ ಬಹುಮಟ್ಟಿಗೆ ಕಾಗದ ಕೂಡಿಸುವ ಕೆಲಸವೇ ಆಗಿಬಿಡುತ್ತದೆ. ಆದರೂ ಜನರೊಡನೆ ಒಡನಾಡುವ ವಿದ್ವಾಂಸರ ಶ್ರಮಕ್ಕೆ ಮೊದಲ ಸಲ ಅಂಕ ಸಿಕ್ಕಿತು ಎಂಬ ಒಳ್ಳೆಯ ಮಾತನ್ನೂ ಇಲ್ಲಿ ಹೇಳಲೇಬೇಕು.

ಕಾಗದ ಕೂಡಿಸುವ ಈ ಕೆಲಸ ನಮಗೇನೂ ಹೊಸದಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ ಬಂತೆಂದರೆ ಅಲ್ಲಿ ಜಾಥಾ, ಶಿಬಿರಗಳ ಜಿಯೋಟ್ಯಾಗ್ ಫೋಟೊ ಹುಡುಕುವ ಗಡಿಬಿಡಿ. ಮೈಸೂರು ವಿಶ್ವವಿದ್ಯಾಲಯದ ಪ್ರಸಾರಾಂಗ ಅಧ್ಯಾಪಕರಿಂದ ಊರೂರಲ್ಲಿ ಉಪನ್ಯಾಸ ಕೊಡಿಸಿ, ಅದನ್ನೇ ಕಿರುಹೊತ್ತಗೆಯಾಗಿ ಅಗ್ಗದ ಬೆಲೆಗೆ ಮಾರಿದಾಗ ಇಂಥ ಫೋಟೊ ಯಾರೂ ಕೇಳಿರಲಿಲ್ಲ.

ನೆರವು ಬೇಕಾದದ್ದು ಬೇರೆಡೆ. ಯೋಜನೆಯ ಅನುದಾನ ಮುಗಿದ ಮೇಲೂ ಲಂಡನ್ನಿನದರಂಥ ದತ್ತಾಂಶ ತೆರೆದಿರಬೇಕು, ವಂಶಾವಳಿ ಹುಡುಕುವ ಸಾಮಾನ್ಯರು ಕಳಿಸುವ ತಿದ್ದುಪಡಿಗಳನ್ನು ಪರಿಶೀಲಿಸಿ ಸೇರಿಸುತ್ತಿರಬೇಕು. ಅದಕ್ಕೆ ಸಂಬಳದ ಮೇಲಿರುವ, ದಾಖಲೆ ಓದಬಲ್ಲ ಒಬ್ಬರು ಬೇಕು. ಇಂಪ್ಯಾಕ್ಟ್ ಅಧಿಕಾರಿಯೋ ಇವರೋ ಎಂಬ ಪ್ರಶ್ನೆ ಬಂದರೆ ನಾನು ಇವರ ಹುದ್ದೆಯನ್ನೇ ಕೇಳುತ್ತೇನೆ.